ಪಂಪಿಗೆ ಕೈ ಹಚ್ಚುವ ಮೊದಲು

ಶಿವಮೊಗ್ಗ
ಗುರುವಾರ ರಾತ್ರಿ

ಪ್ರೀತಿಯ ಪುಟ್ಟೀ,

ಮೋಡ ಕಟ್ಟಿದಾಗ ನನ್ನ ಮಂಡಿ ಸ್ವಲ್ಪ ಹಿಡಿಯುತ್ತದೆ. ಅದಿಲ್ಲದಿದ್ದರೆ ಇವತ್ತು ರಾತ್ರಿಯ ಬಸ್ಸಿಗೇ ಹೊರಟುಬಿಡುತ್ತಿದ್ದೆ.

ಸಂಜೆ ಫೋನಿನಲ್ಲಿ ನಿನ್ನ ದನಿ ಕೇಳಿದ ಮೇಲೆ ಊಟ ಸೇರಲಿಲ್ಲ. ಟ್ರ್ಯಾಕ್ಟರ್ ಮೂರು ದಿನದಿಂದ ತೋಟದ ನಡುವೆ ನಿಂತಿದೆ, ರೋಟವೇಟರ್ ಅರ್ಧ ಸಾಲಿನಲ್ಲೇ ಮಣ್ಣು ಕಚ್ಚಿಕೊಂಡಿದೆ, ಚನ್ನಗಿರಿಯಿಂದ ಬಂದ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ ‘ಪಂಪು ಹೋಗಿದೆ, ಇಳಿಸಬೇಕು, 18,000 ಆಗುತ್ತೆ’ ಅಂದಿದ್ದಾನೆ, ನಿಮ್ಮಪ್ಪ ಹೂಂ ಅನ್ನುವ ಹಾಗಿದ್ದಾರೆ. ಇಷ್ಟೆಲ್ಲ ಹೇಳಿ ಕೊನೆಗೆ ನೀನು ಕೇಳಿದೆ: ‘ಅಜ್ಜಾ, ಪಂಪೇ ಹೋಗಿದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?’ ಆ ಪ್ರಶ್ನೆಗಾಗಿಯೇ ನಾನು ಈ ಹೊತ್ತಿನಲ್ಲಿ ಕನ್ನಡಕ ಹಾಕಿಕೊಂಡು ಕಾಗದ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ರಾತ್ರಿಯ ಬಸ್ಸಿನಲ್ಲೇ ಕಳಿಸುತ್ತೇನೆ, ಇದನ್ನು ಟೂಲ್ ಬಾಕ್ಸಿನಲ್ಲೇ ಇಟ್ಟುಕೋ. ಡೀಸೆಲ್ ಕೈ ತಾಗಿ ಕಲೆಯಾದರೂ ಆಗಲಿ.

ಒಂದು ವಿಷಯ ಮೊದಲೇ ಗಟ್ಟಿ ಮಾಡಿಕೋ. ಪಂಪಿನ ಬಾಯಿಗೆ ಚೊಕ್ಕ ಡೀಸೆಲ್, ಗುಳ್ಳೆಯಿಲ್ಲದೆ, ಧಾರೆ ಕಡಿಯದೆ ಬರುತ್ತಿದೆ ಅನ್ನುವುದನ್ನು ನೀನು ಕಣ್ಣಾರೆ ನೋಡುವವರೆಗೂ ಆ ಪಂಪಿಗೆ ಸ್ಪ್ಯಾನರ್ ಹಚ್ಚಲು ಯಾರಿಗೂ ಬಿಡಬೇಡ. ಮೆಕ್ಯಾನಿಕ್ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಹಂಗಾಮಿನಲ್ಲಿ ಅವನಿಗೆ ದಿನಕ್ಕೆ ಐದಾರು ಗಾಡಿ ಕಾದಿರುತ್ತವೆ, ತೋಟದಲ್ಲಿ 20 ನಿಮಿಷ ನಿಂತು ಕಾಯುವ ಪುರುಸೊತ್ತು ಇರುವುದಿಲ್ಲ. ನಿನ್ನ ಗಾಡಿಯ ಕಾಯಿಲೆ ಇರುವುದೇ ಆ 20 ನಿಮಿಷದಲ್ಲಿ.

ನೀನು ಹೇಳಿದ್ದನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟುಕೊಂಡಿದ್ದೇನೆ. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಚೆನ್ನಾಗಿ ಎಳೆಯುತ್ತದೆ. 20 ನಿಮಿಷ ಆಗುತ್ತಿದ್ದಂತೆ ದನಿ ಇಳಿಯುತ್ತದೆ, ಎಕ್ಸಲೇಟರ್ ಕೊಟ್ಟರೂ ಏರುವುದಿಲ್ಲ, ಮುಗ್ಗರಿಸಿ ಮುಗ್ಗರಿಸಿ ನಿಲ್ಲುತ್ತದೆ. ಕಾಲು ಗಂಟೆ ಬಿಟ್ಟು ಹೊಡೆದರೆ ಮತ್ತೆ ಸ್ಟಾರ್ಟ್. ಈಗ ನಿಮ್ಮ ಮೇಲಿನ ತೋಟದ ಬೋರ್‌ವೆಲ್ ಏಪ್ರಿಲ್ ತಿಂಗಳಲ್ಲಿ ಏನು ಮಾಡುತ್ತದೆ ಅಂತ ನೆನಪಿಸಿಕೋ. ಮೋಟರ್ ಹಾಕಿದ ಕೂಡಲೆ ಪೈಪಿನ ತುಂಬ ನೀರು. ಸ್ವಲ್ಪ ಹೊತ್ತಿಗೆ ಸಣ್ಣಗಾಗಿ, ಗಾಳಿ ಉಗುಳಿ, ನಿಂತೇ ಹೋಗುತ್ತದೆ. ಮೋಟರ್ ಆಫ್ ಮಾಡಿ ಬಿಟ್ಟರೆ ಮತ್ತೆ ಊರುತ್ತದೆ. ಆಗ ಮೋಟರ್ ಸುಟ್ಟಿದೆ ಅಂತ ಯಾರೂ ಮೇಲೆತ್ತಿಸುವುದಿಲ್ಲ. ನಿನ್ನ ಟ್ರ್ಯಾಕ್ಟರಿನದೂ ಅದೇ ಲಕ್ಷಣ. ಎಂಜಿನ್ ಕುಡಿಯುವಷ್ಟು ಡೀಸೆಲ್ ದಾರಿಯಲ್ಲಿ ಇಳಿಯುತ್ತಿಲ್ಲ, ಸುಮ್ಮನೆ ಬಿಟ್ಟಾಗ ನಿಧಾನಕ್ಕೆ ತುಂಬಿಕೊಳ್ಳುತ್ತಿದೆ.

ಪಂಪಿನ ಬಗ್ಗೆ ನನಗೆ ಯಾಕಿಷ್ಟು ಕಾಳಜಿ ಅಂತ ಹೇಳಬೇಕು. ಡೀಸೆಲ್ ಎಂಜಿನ್ನಿಗೆ ನಿನ್ನ ಸ್ಕೂಟರಿನ ಹಾಗೆ ಕಿಡಿ ಬೇಕಿಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಅಮುಕಿದಾಗ ಅದು 500 ಡಿಗ್ರಿಗೂ ಮೇಲೆ ಕಾಯುತ್ತದೆ. ಅದರೊಳಕ್ಕೆ ಡೀಸೆಲನ್ನು ಇಬ್ಬನಿಯಷ್ಟು ನುಣ್ಣಗೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ನಿನ್ನದು ಮೂರು ಸಿಲಿಂಡರಿನ ಗಾಡಿ. ಎಂಜಿನ್ ನಿಮಿಷಕ್ಕೆ 2,700 ಸುತ್ತು ಸುತ್ತುವಾಗ ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 22 ಸಲ ಡೀಸೆಲ್ ಹೋಗಬೇಕು. ಗಂಟೆಗೆ 3 ಲೀಟರ್ ಕುಡಿಯುತ್ತದೆ ಅಂತ ಲೆಕ್ಕ ಹಿಡಿದರೆ ಒಂದು ಸಲಕ್ಕೆ ಹೋಗುವುದು ಒಂದು ಹನಿಯ ಕಾಲು ಭಾಗ. ಆ ಕಾಲು ಹನಿಯನ್ನು ಚದರ ಸೆಂಟಿಮೀಟರಿಗೆ 100 ಕಿಲೋಗೂ ಮಿಕ್ಕಿದ ಒತ್ತಡದಲ್ಲಿ, ಸರಿಯಾದ ಗಳಿಗೆಗೆ, ಮೂರೂ ಸಿಲಿಂಡರಿಗೆ ಸಮವಾಗಿ ಹಂಚುವುದು ಪಂಪು. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ತನ್ನ ಎಂಜಿನ್ ಓಡಿಸಿ ತೋರಿಸಿದಾಗ ಇಂಥ ಪಂಪು ಇರಲಿಲ್ಲ. ಒತ್ತಿದ ಗಾಳಿಯಿಂದ ಎಣ್ಣೆಯನ್ನು ಊದುತ್ತಿದ್ದರು, ಅದಕ್ಕೆ ದೊಡ್ಡ ಕಂಪ್ರೆಸರ್ ಬೇಕಾಗಿತ್ತು. 1927ರಲ್ಲಿ ರಾಬರ್ಟ್ ಬಾಷ್ ಅವರ ಕಾರ್ಖಾನೆ ಪಂಪನ್ನು ಸಾಲು ಸಾಲಾಗಿ ತಯಾರಿಸಲು ಶುರುಮಾಡಿದ ಮೇಲೆ ಡೀಸೆಲ್ ಎಂಜಿನ್ ಲಾರಿ, ಟ್ರ್ಯಾಕ್ಟರುಗಳಲ್ಲಿ ಎಲ್ಲೆಡೆ ಹರಡಿತು. ಅದೇ ಮನೆತನದ ಮೈಕೊ 1951ರಲ್ಲಿ ಶುರುವಾಗಿ ನಮ್ಮ ಬೆಂಗಳೂರಿನಲ್ಲಿ ನೆಲೆ ನಿಂತಿತು. 2008ರಲ್ಲಿ ಹೆಸರು ಬಾಷ್ ಎಂದಾಯಿತು. ನಮ್ಮ ಪೀಳಿಗೆಯವರ ಬಾಯಲ್ಲಿ ಮಾತ್ರ ಡೀಸೆಲ್ ಪಂಪು ಅಂದರೆ ಇವತ್ತಿಗೂ ಮೈಕೊ ಪಂಪೇ.

ಪಂಪಿನೊಳಗೆ ಪ್ಲಂಜರ್, ಬ್ಯಾರಲ್ ಅಂತ ಜೋಡಿ ಇರುತ್ತವೆ. ಅವೆರಡರ ನಡುವಿನ ಸಂದು ಎರಡು ಮೂರು ಮೈಕ್ರಾನ್. ನಿನ್ನ ಒಂದು ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಆ ಸಂದಿನಲ್ಲಿ ಎಣ್ಣೆಯಾಗಿ ನಿಂತು ಜಾರಿಸುವುದೂ ಡೀಸೆಲ್ಲೇ. ಒಂದು ಜೋಡಿಯ ಪ್ಲಂಜರನ್ನು ಇನ್ನೊಂದರ ಬ್ಯಾರಲ್ಲಿಗೆ ಹಾಕುವಂತಿಲ್ಲ. ಇಂಥದ್ದನ್ನು ತೋಟದ ಧೂಳಲ್ಲಿ, ಗೋಣಿಚೀಲ ಹಾಸಿಕೊಂಡು ಬಿಚ್ಚುವುದನ್ನು ನೋಡಿದರೆ ನನ್ನ ಎದೆ ಹಿಂಡಿದಂತಾಗುತ್ತದೆ. ಚೆನ್ನಾಗಿದ್ದ ಪಂಪು ಅಲ್ಲಿಂದಲೇ ಕೆಡುವುದಕ್ಕೆ ಶುರು.

ಅದಕ್ಕೇ ಟ್ಯಾಂಕಿನಿಂದ ಶುರುಮಾಡು. ಡೀಸೆಲ್ ಹೋಗುವ ದಾರಿಯಲ್ಲೇ ಬೆರಳಿಟ್ಟುಕೊಂಡು ಹೋಗು: ಟ್ಯಾಂಕ್, ಕಾಕ್, ರಬ್ಬರ್ ಪೈಪು, ನೀರು ನಿಲ್ಲುವ ಗಾಜಿನ ಬಟ್ಟಲು, ಫೀಡ್ ಪಂಪು, ಫಿಲ್ಟರ್, ಆಮೇಲೆ ದೊಡ್ಡ ಪಂಪು, ಅಲ್ಲಿಂದ ಕಬ್ಬಿಣದ ಪೈಪುಗಳು, ನಾಝಲ್, ಮಿಕ್ಕಿದ್ದನ್ನು ಟ್ಯಾಂಕಿಗೆ ಹಿಂದಕ್ಕೆ ತರುವ ರಿಟರ್ನ್ ಪೈಪು. ಎಂಜಿನ್ ಆಫ್ ಮಾಡಿ ಸುಮ್ಮನೆ ಒಂದು ಸಲ ಈ ದಾರಿ ನೋಡಿಕೋ. ಸ್ಟಾಪ್ ನಾಬ್ ಪೂರ್ತಿ ಒಳಗೆ ಹೋಗುತ್ತದೆಯೋ, ಅದರ ತಂತಿ ಅರ್ಧದಲ್ಲಿ ಸಿಕ್ಕಿಕೊಂಡಿದೆಯೋ ಅದನ್ನೂ ನೋಡು. ಸ್ಟಾಪ್ ಎಳೆದಂತೆಯೇ ಉಳಿದು ದಿನವೆಲ್ಲ ಸೆಲ್ಫ್ ಹೊಡೆದು ಬ್ಯಾಟರಿ ಮುಗಿಸಿದವರು ನನ್ನ ರಿಪೇರಿ ಶೆಡ್ಡಿಗೆ ವರ್ಷಕ್ಕೊಬ್ಬರಾದರೂ ಬರುತ್ತಿದ್ದರು.

ಈಗ ಟ್ಯಾಂಕಿನ ಮುಚ್ಚಳದ ವಿಚಾರ. ಇದು ನನ್ನ ಮನಸ್ಸಿನಲ್ಲಿ ಉಳಿದುಹೋದ ವಿಚಾರ, ನಿಧಾನವಾಗಿ ಓದು.

1986ರ ಮಳೆಗಾಲ. ನಾನಿನ್ನೂ ಸ್ವಂತ ಶೆಡ್ ಹಾಕಿರಲಿಲ್ಲ, ಇನ್ನೊಬ್ಬರ ವರ್ಕ್‌ಶಾಪಿನಲ್ಲಿ ಕೈಕೆಲಸ ಕಲಿತು ಆಗಷ್ಟೇ ಪಂಪು ಬಿಚ್ಚುವ ಮಟ್ಟಕ್ಕೆ ಬಂದಿದ್ದೆ. ಹೊನ್ನಾಳಿ ಕಡೆಯ ರೈತರೊಬ್ಬರು ಪವರ್ ಟಿಲ್ಲರನ್ನು ಎತ್ತಿನ ಗಾಡಿಯ ಮೇಲೆ ಹೇರಿಕೊಂಡು ಬಂದರು. ಗದ್ದೆಯಲ್ಲಿ ಸ್ವಲ್ಪ ಹೊತ್ತು ಓಡಿ ನಿಲ್ಲುತ್ತದೆ ಅಂದರು. ನಿನ್ನ ಗಾಡಿ ಹೇಳುತ್ತಿರುವುದನ್ನೇ ಅವರೂ ಹೇಳಿದರು. ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಪಂಪು ಇಳಿಸಿದೆ, ಪ್ಲಂಜರ್, ಬ್ಯಾರಲ್ ಜೋಡಿ ಬದಲಾಯಿಸಿದೆ, ಹೊರಗಿನ ಕ್ಯಾನಿನಿಂದ ಡೀಸೆಲ್ ಕೊಟ್ಟು ಓಡಿಸಿ ನೋಡಿದೆ. ಚೆನ್ನಾಗಿ ಓಡಿತು. ಅವರು ಟವೆಲ್ಲಿನ ತುದಿಯ ಗಂಟು ಬಿಚ್ಚಿ ನೋಟುಗಳನ್ನು ಒಂದೊಂದಾಗಿ ಎಣಿಸಿ ಮಾಲೀಕರ ಕೈಗಿಟ್ಟರು. ಮಳೆಯಲ್ಲಿ ನೆನೆದ ನೋಟುಗಳು, ಒಂದಕ್ಕೊಂದು ಅಂಟಿಕೊಂಡಿದ್ದವು. ಅವರು ಬೆರಳಿಂದ ಬಿಡಿಸಿ ಬಿಡಿಸಿ ಎಣಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೂರನೇ ದಿನ ಅವರ ಮಗ ಸೈಕಲ್ಲಿನಲ್ಲಿ ಬಂದ. ಟಿಲ್ಲರ್ ಮತ್ತೆ ನಿಂತಿದೆ. ನಾನು ಅವನ ಜೊತೆ ಗದ್ದೆಗೇ ಹೋದೆ. ಕೆಸರಿನಲ್ಲಿ ನಿಂತು ಸ್ಟಾರ್ಟ್ ಮಾಡಿದೆವು, ಓಡಿತು, ನಿಂತಿತು. ಡೀಸೆಲ್ ಎಷ್ಟಿದೆ ನೋಡೋಣ ಅಂತ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ‘ಸುಯ್’ ಅಂತ ಗಾಳಿ ಒಳಗೆ ಎಳೆದುಕೊಂಡಿತು. ಮುಚ್ಚಳ ಬೋರಲು ಹಾಕಿ ನೋಡಿದರೆ, ಗಾಳಿಯಾಡಲು ಇಟ್ಟಿರುವ ಸಾಸಿವೆ ಕಾಳಿನಷ್ಟು ರಂಧ್ರದ ಮೇಲೆ ಕುಂಬಾರ ಹುಳ ಮಣ್ಣಿನ ಗೂಡು ಮೆತ್ತಿತ್ತು. ಟ್ಯಾಂಕಿನಿಂದ ಡೀಸೆಲ್ ಇಳಿದಷ್ಟೂ ಆ ಜಾಗಕ್ಕೆ ಗಾಳಿ ಬರಬೇಕು. ಗಾಳಿ ಬರದಿದ್ದರೆ ಒಳಗೆ ನಿರ್ವಾತ ಕಟ್ಟಿ ಡೀಸೆಲ್ ಕೆಳಗಿಳಿಯುವುದೇ ಇಲ್ಲ. ಬದುವಿನ ಜಾಲಿಮುಳ್ಳು ಮುರಿದು ಆ ಮಣ್ಣು ತೆಗೆದೆ. ಟಿಲ್ಲರ್ ಸಂಜೆಯವರೆಗೂ ನಿಲ್ಲದೆ ಓಡಿತು. ಆ ರೈತರು ನನಗೆ ಊಟ ಹಾಕಿ ಕಳಿಸಿದರು. ‘ಪಂಪಿನ ಕೆಲಸ ಬೇಕಾಗಿರಲಿಲ್ಲ’ ಅಂತ ಹೇಳುವ ಧೈರ್ಯ ಅವತ್ತು ನನಗೆ ಬರಲಿಲ್ಲ. ಸ್ವಂತ ಶೆಡ್ ಹಾಕಿದ ವರ್ಷ ಅವರ ಮನೆಗೆ ಹೋಗಿ ಹೇಳಿದೆ. ಅವರಿರುವವರೆಗೂ ಅವರ ಟಿಲ್ಲರಿನ ಕೆಲಸಕ್ಕೆ ನಾನು ಕೂಲಿ ಮುಟ್ಟಲಿಲ್ಲ. ಆದರೂ ಆ ಒದ್ದೆ ನೋಟುಗಳು ಅವತ್ತು ಅವರಿಗೆ ಬೇಕಾಗಿದ್ದವು ಪುಟ್ಟೀ.

ಆದ್ದರಿಂದ ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿ ಕೆಲಸಕ್ಕೆ ಬಿಡು. ದನಿ ಇಳಿಯಲು ಶುರುವಾದ ಕೂಡಲೆ ಗೇರ್ ತೆಗೆದು, ಇಳಿದು, ಮುಚ್ಚಳ ಸಡಿಲಿಸಿ ಕಿವಿಗೊಡು. ಗಾಳಿ ಎಳೆದುಕೊಂಡು ಎಂಜಿನ್ ಮತ್ತೆ ದನಿ ಏರಿಸಿದರೆ ಕಾಯಿಲೆ ಅಲ್ಲೇ ಸಿಕ್ಕಿತು. ಮುಚ್ಚಳವನ್ನು ಡೀಸೆಲ್ಲಿನಲ್ಲೇ ತೊಳೆದು, ರಂಧ್ರ ಬಿಡಿಸಿ ಹಾಕು.

ಅಲ್ಲಿ ಏನೂ ಇಲ್ಲದಿದ್ದರೆ ಕಾಕ್ ಬಂದ್ ಮಾಡಿ, ಅದರ ಕೆಳಗಿನ ರಬ್ಬರ್ ಪೈಪನ್ನು ಕಳಚಿ ಬಕೆಟ್ಟಿಗೆ ಹಿಡಿದು, ಕಾಕ್ ತೆರೆ. ಪೆನ್ಸಿಲ್ ದಪ್ಪದ ಧಾರೆ ಬರಬೇಕು. ಬಂತು ಅಂತ ಕೂಡಲೇ ಬಂದ್ ಮಾಡಬೇಡ, ಎರಡು ಮೂರು ನಿಮಿಷ ಬಿಡು. ದಪ್ಪಗೆ ಶುರುವಾಗಿ ಆಮೇಲೆ ನೂಲಿನ ಹಾಗಾದರೆ ಟ್ಯಾಂಕಿನೊಳಗೆ ಏನೋ ತೇಲುತ್ತಿದೆ. ಅದು ಡೀಸೆಲ್ ಸೆಳೆತಕ್ಕೆ ಬಂದು ಬಾಯಿಗೆ ಅಡ್ಡ ಕೂರುತ್ತದೆ, ಎಂಜಿನ್ ನಿಂತಾಗ ಸೆಳೆತ ತಪ್ಪಿ ಮೇಲೆ ತೇಲಿಹೋಗುತ್ತದೆ, ಆಗ ಗಾಡಿ ಮತ್ತೆ ಸ್ಟಾರ್ಟ್. ನನಗೆ ಜಾಸ್ತಿ ಅನುಮಾನ ಇದರ ಮೇಲೇ ಇದೆ. ಯಾಕೆಂದರೆ ಹೋದ ಸಲ ಬಂದಾಗ ನಿಮ್ಮಪ್ಪ ಡೀಸೆಲ್ ಹಾಕುವುದನ್ನು ನೋಡಿದೆ. ಕಸ ಹೋಗಬಾರದೆಂದು ಅಡಿಕೆ ತುಂಬುವ ಗೋಣಿಯ ತುಂಡನ್ನು ಆಲಿಕೆಗೆ ಹಾಸಿ ಸೋಸುತ್ತಿದ್ದರು. ಅವರು ಎಚ್ಚರದಿಂದಲೇ ಮಾಡಿದ್ದು. ಆದರೆ ಗೋಣಿ ನಾರು ಬಿಡುತ್ತದೆ. ಆ ನಾರು ಒಂದಕ್ಕೊಂದು ಹೆಣೆದುಕೊಂಡು ಹತ್ತಿಯ ಉಂಡೆಯ ಹಾಗೆ ಟ್ಯಾಂಕಿನೊಳಗೆ ತೇಲಾಡುತ್ತಿರುತ್ತದೆ. ಟಾರ್ಚ್ ಹಾಕಿ ಒಳಗೆ ನೋಡು. ಬೆಂಕಿಕಡ್ಡಿ ಮಾತ್ರ ಬೇಡವೇ ಬೇಡ. ನಾರು ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಇಳಿಸಿ, ಶುದ್ಧ ಡೀಸೆಲ್ಲಿನಲ್ಲೇ ಎರಡು ಸಲ ಅಲುಗಿಸಿ ತೊಳೆಯಬೇಕು. ಸೋಸಲು ಅಂಗಡಿಯಲ್ಲಿ ಸಿಗುವ ಸಣ್ಣ ಹಿತ್ತಾಳೆ ಜಾಲರಿಯ ಆಲಿಕೆ ತಂದುಕೋ.

ಧಾರೆ ಕೊನೆಯವರೆಗೂ ದಪ್ಪಗೇ ಬಂದರೆ ಮುಂದೆ ರಬ್ಬರ್ ಪೈಪು ನೋಡು. ಹಳೇ ಪೈಪು ಹೊರಗೆ ಚೆನ್ನಾಗಿ ಕಂಡರೂ ಒಳಪದರ ಉಬ್ಬಿ ದಾರಿ ಮುಚ್ಚಿರುತ್ತದೆ. ಬೆರಳಿಂದ ಹಿಚುಕಿದರೆ ಹಳೇ ರಬ್ಬರಿನ ಬಿರುಕು ಬಾಯಿ ತೆರೆಯುತ್ತದೆ. ಹಾಗಿದ್ದರೆ ಹಿಂದೆಮುಂದೆ ನೋಡದೆ ಬದಲಾಯಿಸು. ಡೀಸೆಲ್ಲಿಗೆಂದೇ ಮಾಡಿದ ಪೈಪು ಕೇಳಿ ತಾ. ನೀರಿನ ಪೈಪು, ಡ್ರಿಪ್ಪಿನ ಪೈಪು ನಾಲ್ಕು ದಿನಕ್ಕೆ ಮೆತ್ತಗಾಗುತ್ತವೆ.

ಗಾಜಿನ ಬಟ್ಟಲಿನ ತಳದಲ್ಲಿ ನೀರು ನಿಂತಿದೆಯೋ ನೋಡು. ಒಂದು ಲೀಟರ್ ಡೀಸೆಲ್ಲಿನ ತೂಕ ಸುಮಾರು 830 ಗ್ರಾಂ, ನೀರಿನದು 1,000. ಹಾಗಾಗಿ ನೀರು ಯಾವಾಗಲೂ ಅಡಿಗೆ. ಅನುಮಾನವಿದ್ದರೆ ಟ್ಯಾಂಕಿನ ತಳದ ಡೀಸೆಲನ್ನು ಬಿಳಿ ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಕದಲಿಸದೆ ಇಡು. ಕೆಳಗೆ ನೀರು, ಮೇಲೆ ಡೀಸೆಲ್, ನಡುವೆ ಗೆರೆ ಎಳೆದಂತೆ ಕಾಣುತ್ತದೆ. ಆ ಗೆರೆಯಲ್ಲಿ ಕಂದು ಬಣ್ಣದ ಲೋಳೆ ಕಂಡರೆ ಅದು ಜೀವ ಇರುವಂಥದ್ದು. ನೀರೂ ಡೀಸೆಲ್ಲೂ ಸೇರುವಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ಫಿಲ್ಟರಿಗೆ ಹೋಗಿ ಜಿಗಟಾಗಿ ಕೂರುತ್ತವೆ. ಈ ನೀರೆಲ್ಲ ಬಂಕಿನಿಂದಲೇ ಬಂತು ಅಂತ ತಿಳಿಯಬೇಡ. ಅರ್ಧ ಖಾಲಿ ಟ್ಯಾಂಕಿನಲ್ಲಿ ಮಳೆಗಾಲದ ತೇವದ ಗಾಳಿ ತುಂಬಿಕೊಂಡಿರುತ್ತದೆ. ರಾತ್ರಿ ತಗಡು ತಣ್ಣಗಾದಾಗ ಒಳಗೋಡೆಯ ಮೇಲೆ ಹನಿ ಕಟ್ಟುತ್ತದೆ, ಇಳಿದು ತಳ ಸೇರುತ್ತದೆ. ದಿನಾ ಸಂಜೆ ಕೆಲಸ ಮುಗಿಸಿ ಟ್ಯಾಂಕ್ ತುಂಬಿಸಿಡು, ಬೆಳಿಗ್ಗೆ ಅಲ್ಲ. ಇದೊಂದೇ ಅಭ್ಯಾಸದಿಂದ ನನ್ನ ಗಿರಾಕಿಗಳಲ್ಲಿ ಎಷ್ಟೋ ಜನರ ನಾಝಲ್ ಉಳಿದಿವೆ.

ಫಿಲ್ಟರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಂಪನಿ ಪುಸ್ತಕದಲ್ಲಿ ಹೇಳಿದಷ್ಟು ಗಂಟೆ ಓಡಿದ ಮೇಲೆ ಬದಲಾಯಿಸು, ಗಲೀಜು ಡೀಸೆಲ್ ಹೋಗಿದ್ದರೆ ಅದಕ್ಕೂ ಮೊದಲೇ ಬದಲಾಯಿಸು. ಕಾಗದದ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆದು, ಗಾಳಿ ಹೊಡೆದು ಮತ್ತೆ ಹಾಕುವವರಿದ್ದಾರೆ. ಗಾಳಿಯ ಹೊಡೆತಕ್ಕೆ ಕಾಗದ ಹರಿದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ, ಕಸ ನೇರ ಪಂಪಿಗೆ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ಪಂಪು ಕಳೆದುಕೊಳ್ಳುವುದು ನಿನ್ನಂಥ ಲೆಕ್ಕದ ಹುಡುಗಿಗೆ ಬೇಡ.

ಇನ್ನು ಗಾಳಿ. ಡೀಸೆಲ್ ಗಾಡಿಗೆ ‘ಏರ್ ಹಿಡಿದಿದೆ’ ಅನ್ನುತ್ತೇವಲ್ಲ, ಅದು ಯಾಕೆ ಅಷ್ಟು ತೊಂದರೆ ಅಂತ ಗೊತ್ತಾದರೆ ಉಳಿದದ್ದೆಲ್ಲ ಸುಲಭ. ಕೊನೆಗೌಡರು ಅಡಿಕೆ ಮರಕ್ಕೆ ಬೋರ್ಡೋ ಔಷಧಿ ಹೊಡೆಯುವಾಗ ಗಟೋರ್ ಪಂಪಿನ ಬುಡದ ಪೈಪು ಡ್ರಮ್ಮಿನಲ್ಲಿ ದ್ರಾವಣದಿಂದ ಮೇಲೆ ಬಂದರೆ ಏನಾಗುತ್ತದೆ? ಕೆಳಗೆ ಪಂಪು ಒತ್ತುವವನು ಒತ್ತುತ್ತಲೇ ಇರುತ್ತಾನೆ, ಮರದ ಮೇಲೆ ಔಷಧಿ ಚಿಮ್ಮುವುದೇ ಇಲ್ಲ. ಇಲ್ಲೂ ಅದೇ. ಡೀಸೆಲ್ ಅಮುಕಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪಿನ ಒತ್ತಡವನ್ನೆಲ್ಲ ಒಂದು ಗುಳ್ಳೆಯೇ ನುಂಗಿಬಿಡುತ್ತದೆ, ನಾಝಲ್ ಬಾಯಿ ತೆರೆಯುವುದಿಲ್ಲ. ಮತ್ತೊಂದು ಮಾತು. ಪಂಪು ಒತ್ತುವ ಕಡೆ ಸೋರಿದರೆ ಡೀಸೆಲ್ ಹೊರಗೆ ಕಾಣುತ್ತದೆ. ಫೀಡ್ ಪಂಪು ಎಳೆಯುವ ಕಡೆ ಬಿರುಕಿದ್ದರೆ ಒಂದು ಹನಿಯೂ ಹೊರಗೆ ಬಾರದೆ ಗಾಳಿ ಮಾತ್ರ ಒಳಗೆ ಹೋಗುತ್ತಿರುತ್ತದೆ. ‘ಎಲ್ಲೂ ಸೋರಿಲ್ಲ’ ಅಂತ ಹೇಳಿ ಅಲ್ಲಿಗೆ ಬಿಡಬಾರದು. ಎಳೆಯುವ ಕಡೆ ಒಂದು ಗೇಣು ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಹಾಕಿ ಎಂಜಿನ್ ಓಡಿಸಿ ನೋಡು. ಗುಳ್ಳೆ ಸಾಲು ಹೋಗುತ್ತಿದ್ದರೆ ಅದರ ಹಿಂದಿನ ಕ್ಲಾಂಪು, ವಾಷರ್ ಒಂದೊಂದಾಗಿ ನೋಡುತ್ತಾ ಬಾ. ತಾಮ್ರದ ವಾಷರ್ ಒಮ್ಮೆ ಬಿಗಿದರೆ ಗಟ್ಟಿಯಾಗುತ್ತದೆ, ಮತ್ತೆ ಕೂರುವುದಿಲ್ಲ. ಹೊಸದು ಸಿಗದಿದ್ದರೆ ಹಳೆಯದನ್ನೇ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕು. ಕಬ್ಬಿಣದ ಹಾಗಲ್ಲ, ತಾಮ್ರ ಹಾಗೆ ಮಾಡಿದರೆ ಮೆತ್ತಗಾಗುತ್ತದೆ.

ಎಲ್ಲಿ ಬಿಚ್ಚಿದರೂ ಕೊನೆಗೆ ಏರ್ ತೆಗೆಯಬೇಕು. ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ. ಫಿಲ್ಟರ್ ತಲೆಯ ಮೇಲಿನ ಚಿಕ್ಕ ಸ್ಕ್ರೂ ಎರಡು ಸುತ್ತು ಸಡಿಲಿಸು. ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ತಿಳಿಯಾದ ಡೀಸೆಲ್. ತಿಳಿಯಾದದ್ದು ಹರಿಯುತ್ತಿರುವಾಗಲೇ ಬಿಗಿ ಮಾಡು, ನಿಂತ ಮೇಲೆ ಅಲ್ಲ. ಫೀಡ್ ಪಂಪಿಗೆ ಕೈಲಿವರ್ ಇದ್ದರೆ ಒತ್ತುತ್ತಾ ಇರು. ಆಮೇಲೆ ದೊಡ್ಡ ಪಂಪಿನ ಮೇಲಿನ ಸ್ಕ್ರೂ, ಅದಕ್ಕೂ ಹೀಗೇ. ಇಷ್ಟಕ್ಕೇ ಸಾಮಾನ್ಯವಾಗಿ ಸ್ಟಾರ್ಟ್ ಆಗುತ್ತದೆ. ಆಗದಿದ್ದರೆ ನಾಝಲ್ ತುದಿಯ ಪೈಪಿನ ನಟ್ಟುಗಳನ್ನು 17ರ ಸ್ಪ್ಯಾನರಿನಿಂದ ಒಂದು ಸುತ್ತು ಸಡಿಲಿಸಿ, ಸ್ಟಾಪ್ ನಾಬ್ ಒಳಗಿದೆ ಅಂತ ನೋಡಿಕೊಂಡು, ಎಕ್ಸಲೇಟರ್ ಪೂರ್ತಿ ಕೊಟ್ಟು ಸೆಲ್ಫ್ ಹೊಡೆಸು. ಮೂರೂ ಕಡೆ ಡೀಸೆಲ್ ತುಳುಕಿದ ಮೇಲೆ ಬಿಗಿ ಮಾಡು. ಸೆಲ್ಫನ್ನು ಒಂದೇ ಸಮ 10 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡ, ನಡುವೆ ಒಂದು ನಿಮಿಷ ಆರಲು ಬಿಡು.

ಇಲ್ಲಿ ನಿನಗೆ ಗಟ್ಟಿಯಾಗಿ ಹೇಳಬೇಕಾದ ಮಾತೊಂದಿದೆ. ಆ ಕಬ್ಬಿಣದ ಪೈಪುಗಳ ಹತ್ತಿರ, ನಾಝಲ್ ಹತ್ತಿರ, ಎಂಜಿನ್ ತಿರುಗುವಾಗ ಬರಿಗೈ ಒಡ್ಡಬೇಡ. ಸೋರುತ್ತಿದೆಯೋ ಅಂತ ಬೆರಳಿಟ್ಟು ನೋಡುವ ಚಟ ನಮ್ಮವರಿಗೆಲ್ಲ ಇದೆ. ಅಷ್ಟು ಒತ್ತಡದ ಡೀಸೆಲ್ ಸೂಜಿಯ ಹಾಗೆ ಚರ್ಮದೊಳಕ್ಕೆ ಹೋಗುತ್ತದೆ. ಹೊರಗೆ ಇರುವೆ ಕಚ್ಚಿದಷ್ಟು ಗುರುತು, ಒಳಗೆ ಬೆರಳೇ ಕೊಳೆಯುತ್ತದೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಮನೆಯಲ್ಲಿ ಕೂರದೆ ಅದೇ ಗಳಿಗೆಗೆ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಕಣ್ಣಿಗೆ ಕನ್ನಡಕ ಹಾಕಿಕೋ. ಜಡೆ ಕಟ್ಟಿ ಮೇಲಕ್ಕೆ ಸಿಕ್ಕಿಸು, ಫ್ಯಾನ್ ಬೆಲ್ಟ್ ಪಕ್ಕದಲ್ಲೇ ಇದೆ. ವೇಲ್ ಮನೆಯಲ್ಲಿ ಬಿಟ್ಟು ಬಾ. ಬಿಸಿ ಸೈಲೆನ್ಸರ್ ಮೇಲೆ ಡೀಸೆಲ್ ಚೆಲ್ಲದ ಹಾಗೆ ಹಳೇ ಪಂಚೆ ಹಾಸಿಕೋ.

ಇನ್ನೊಂದು ದಿನ ಗಾಡಿ ಸ್ಟಾರ್ಟೇ ಆಗಲಿಲ್ಲ ಅಂದುಕೋ. ಆಗ ಸೈಲೆನ್ಸರ್ ನೋಡು. ಸೆಲ್ಫ್ ಹೊಡೆಯುವಾಗ ಹೊಗೆಯೇ ಇಲ್ಲವೆಂದರೆ ಡೀಸೆಲ್ ಸಿಲಿಂಡರಿಗೆ ಹೋಗುತ್ತಿಲ್ಲ, ಮತ್ತೆ ಟ್ಯಾಂಕಿನಿಂದ ಶುರುಮಾಡು. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್, ನೀರು, ಕಂಪ್ರೆಷನ್ ಇವುಗಳ ಕಡೆ ಗಮನ ಕೊಡು. ಓಡುವಾಗ ಕಪ್ಪು ಹೊಗೆ ಬಂದರೆ ಮೊದಲು ಏರ್ ಕ್ಲೀನರ್ ಬಿಚ್ಚಿ ಧೂಳು ಕೊಡವು, ನಾಝಲ್ ಮಾತು ಆಮೇಲೆ. ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದೆ ಅನ್ನಿಸಿದರೆ ಎಂಜಿನ್ ನಿಧಾನಕ್ಕೆ ಓಡುತ್ತಿರುವಾಗ, ಕೈಗೆ ದಪ್ಪ ಬಟ್ಟೆ ಸುತ್ತಿ, ನಾಝಲ್ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿ ಮಾಡಬೇಕು. ಯಾವುದನ್ನು ಸಡಿಲಿಸಿದಾಗ ಎಂಜಿನ್ ದನಿ ಬದಲಾಗುವುದಿಲ್ಲವೋ ಆ ಸಿಲಿಂಡರ್ ಮೊದಲೇ ಸತ್ತಿದೆ. ಇದನ್ನು ಮಾತ್ರ ನಾನು ಪಕ್ಕದಲ್ಲಿರುವಾಗ ಮಾಡು.

ಹಾಗಾದರೆ ಪಂಪು ಕೆಡುವುದೇ ಇಲ್ಲವೇ? ಕೆಡುತ್ತದೆ. ಪಂಪಿನ ಬಾಯಿಗೆ ಒಳ್ಳೆ ಡೀಸೆಲ್ ಬರುತ್ತಿದ್ದೂ ನಾಝಲ್ ಕಡೆಗೆ ತುಳುಕದಿದ್ದರೆ. ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದಾಗ ಒಮ್ಮೆ ಆಫ್ ಮಾಡಿದರೆ ಪೂರ್ತಿ ತಣಿಯುವವರೆಗೂ ಸತಾಯಿಸಿದರೆ. ಎಂಜಿನ್ ಆಯಿಲ್ ಕಡ್ಡಿ ಎಳೆದಾಗ ಆಯಿಲ್ ಮಟ್ಟ ತಾನಾಗಿ ಏರಿ ಡೀಸೆಲ್ ವಾಸನೆ ಬಂದರೆ. ಅಂಥ ಸಂದರ್ಭದಲ್ಲಿ ಪಂಪನ್ನು ಇಡಿಯಾಗಿ ಇಳಿಸಿ, ಬಾಯಿಗಳಿಗೆಲ್ಲ ಮುಚ್ಚಳ ಹಾಕಿ, ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪಿನ ಅಂಗಡಿಗೆ ಕೊಡಬೇಕು. 18,000 ಅಲ್ಲಿ ಕೊಟ್ಟರೆ ನನಗೆ ಬೇಸರವಿಲ್ಲ. ಬೆಂಚಿನ ಮೇಲೆ ಮೂರು ಗಾಜಿನ ಕೊಳವೆಗಳಲ್ಲಿ ಡೀಸೆಲ್ ಸಮವಾಗಿ ಏರುವುದನ್ನು ನೀನೇ ನಿಂತು ನೋಡು.

ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸಿದರೆ ಪಂಪು ಚೊಕ್ಕಟವಾಗುತ್ತದೆ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಆ ಎರಡು ಮೈಕ್ರಾನ್ ಸಂದಿನಲ್ಲಿ ಜಾರುವ ಗುಣ ಸೀಮೆಎಣ್ಣೆಗೆ ಇಲ್ಲ. ಡೀಸೆಲ್ಲಿನ ಗಂಧಕ 2020ರ ಏಪ್ರಿಲ್‌ನಿಂದ ಹತ್ತು ಲಕ್ಷಕ್ಕೆ 10 ಭಾಗದಷ್ಟಕ್ಕೆ ಇಳಿದಿದೆ. ಗಂಧಕ ತೆಗೆಯುವಾಗ ಕಳೆದ ಜಿಡ್ಡನ್ನು ರಿಫೈನರಿಯಲ್ಲೇ ಲೆಕ್ಕಹಾಕಿ ಸೇರಿಸಿ ಕಳಿಸುತ್ತಾರೆ, ಅದನ್ನು ನಾವು ಕೆಡಿಸಬಾರದು. ಡೀಸೆಲ್ ತರುವ ಕ್ಯಾನನ್ನು ನೆರಳಲ್ಲಿಡು. ಸತುವಿನ ಲೇಪ ಇರುವ ಜಿಂಕ್ ಬಕೆಟ್ಟಿನಲ್ಲಿ, ಡ್ರಮ್ಮಿನಲ್ಲಿ ಇಡಬೇಡ. ಸತುವಿಗೂ ಡೀಸೆಲ್ಲಿಗೂ ಆಗುವುದಿಲ್ಲ, ಮಡ್ಡಿ ಕಟ್ಟುತ್ತದೆ. ಕ್ಯಾನ್ ಒಂದು ರಾತ್ರಿ ಕದಲದೆ ನಿಲ್ಲಲಿ, ಮರುದಿನ ಸಂಜೆ ಮೇಲಿನದ್ದನ್ನು ಟ್ಯಾಂಕಿಗೆ ಸುರಿದು ತಳದ ಅರ್ಧ ಲೀಟರ್ ಬೇರೆ ಬಾಟಲಿಗೆ ಹಾಕಿಡು. ಸ್ಪ್ಯಾನರ್ ಒರೆಸಲು ಆಗುತ್ತದೆ.

ಮೆಕ್ಯಾನಿಕ್‌ಗೆ ನಾಳೆ ಬರಬೇಡವೆಂದು ಹೇಳುವಾಗ ಮುನಿಸಿಕೊಳ್ಳದ ಹಾಗೆ ಹೇಳು. ‘ಭಾನುವಾರ ಅಜ್ಜ ಬರ್ತಾರೆ, ಆಮೇಲೆ ಕರೀತೀವಣ್ಣ’ ಅನ್ನು. ಅವನೂ ಬೇಕಾದವನೇ. ನಿಮ್ಮಪ್ಪನಿಗೆ ಗೋಣಿಯ ವಿಷಯ ನೀನು ಹೇಳಬೇಡ, ನಾನೇ ಬಂದು ಮಾತಾಡುತ್ತೇನೆ. ಟ್ಯಾಂಕ್ ತೊಳೆಯುವಾಗ ಅವರನ್ನೂ ಕರೆದು ಟಾರ್ಚ್ ಹಿಡಿಯಲು ಹೇಳು, ಅವರೇ ಕಣ್ಣಾರೆ ನೋಡಲಿ.

ಭಾನುವಾರ ಬೆಳಗಿನ ಬಸ್ಸಿಗೆ ನಿನ್ನ ಮಾವ ಹತ್ತಿಸಿ ಕಳಿಸುತ್ತಾನೆ. ನನ್ನ ಹಳೇ ಸ್ಪ್ಯಾನರ್ ಸೆಟ್ಟು, ಒಂದು ಮುಷ್ಟಿ ತಾಮ್ರದ ವಾಷರ್, ಎರಡು ಮೀಟರ್ ಡೀಸೆಲ್ ಪೈಪು ತರುತ್ತೇನೆ. ಸ್ಪ್ಯಾನರ್ ಸೆಟ್ಟು ವಾಪಸ್ ತರುವುದಿಲ್ಲ, ಅದು ಇನ್ನು ನಿನ್ನದು. ಬಿಚ್ಚಿದ ಹಳೇ ಫಿಲ್ಟರ್ ಎಸೆಯಬೇಡ. ಇಬ್ಬರೂ ಕೂತು ಕತ್ತರಿಸಿ ನೋಡೋಣ, ಅದರ ಮಡಿಕೆಗಳಲ್ಲಿ ಏನೇನು ಸಿಕ್ಕಿದೆ ಅಂತ. ಟ್ಯಾಂಕಿನ ತಳದ ಡೀಸೆಲ್ ಹಿಡಿದ ಬಾಟಲಿಯನ್ನೂ ಜಗಲಿಯ ಮೇಲೆ ಇಟ್ಟಿರು, ಯಾರೂ ಅಲುಗಿಸದ ಹಾಗೆ ನೋಡಿಕೋ.

ಅಜ್ಜಿ ನಿನಗೆ ಕೋಡುಬಳೆ ಕಳಿಸುತ್ತಾಳಂತೆ. ಮುಚ್ಚಳ ತೆಗೆದಾಗ ಸದ್ದು ಬಂತೋ ಇಲ್ಲವೋ, ನಾಳೆ ಮಧ್ಯಾಹ್ನದೊಳಗೆ ಒಂದು ಫೋನ್ ಮಾಡು. ಕಾಯುತ್ತಿರುತ್ತೇನೆ.

ನಿನ್ನ ಪ್ರೀತಿಯ
ಅಜ್ಜ